ಎದೆಹಾಲು ಕುಡಿಯುವ ಕೂಸಿಗೆ ಬೇಸಿಗೆಯಲ್ಲೂ ನೀರು ಬೇಡ

‘ಬಿಸಿಲು ಜಾಸ್ತಿ, ಎರಡು ತಿಂಗಳ ಕೂಸಿಗೂ ದಿನಕ್ಕೆ ನಾಲ್ಕು ಚಮಚ ನೀರು ಕುಡಿಸಿ’ ಅನ್ನುವ ಸಂದೇಶ ಕೋಲಾರದ ಕಡೆ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಆರು ತಿಂಗಳು ತುಂಬುವವರೆಗೆ ಎದೆಹಾಲೇ ಸಾಕು.

ಎದೆಹಾಲಿನಲ್ಲಿ ಸುಮಾರು ಶೇ 87ರಷ್ಟು ಇರುವುದೇ ನೀರು. ಸೆಕೆಗೆ ಕೂಸು ಪದೇ ಪದೇ ಹಾಲು ಕೇಳುತ್ತದೆ, ಕೇಳಿದಾಗೆಲ್ಲ ಕೊಡಿ. ನೀರು ಕುಡಿಸಿದರೆ ಪುಟ್ಟ ಹೊಟ್ಟೆ ಸುಮ್ನೆ ತುಂಬುತ್ತದೆ. ಚೀಪುವುದು ಕಡಿಮೆಯಾಗುತ್ತದೆ. ಚೀಪುವುದು ಕಡಿಮೆಯಾದರೆ ಹಾಲು ಬರುವುದೂ ಕಡಿಮೆ. ಭೇದಿಯ ಭಯ ಬೇರೆ. ಆ ನೀರಿನ ಚೊಂಬನ್ನು ತಾಯಿಯ ಕೈಗೆ ಕೊಡಿ. ಬಾಣಂತಿ ನೀರು ಕುಡಿಯಬಾರದು ಅನ್ನುವ ಮನೆಗಳು ಇನ್ನೂ ಇವೆ, ಅಲ್ವಾ?

ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದರೆ ಸಾಮಾನ್ಯವಾಗಿ ಹಾಲು ಸಾಲುತ್ತಿದೆ ಎಂದರ್ಥ. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 42 ದಿನದೊಳಗೆ ಆರು ಸಲ ಆಶಾ ಕಾರ್ಯಕರ್ತೆ ಮನೆಗೆ ಬರಬೇಕು. ಹಾಲು ಕುಡಿಸುವ ರೀತಿ ಸರಿ ಇದೆಯೇ ಎಂದು ಅವರನ್ನೇ ಕೇಳಿ. ಡಾಕ್ಟರು ಬರೆದುಕೊಟ್ಟ ಔಷಧಿ, ಓಆರ್‌ಎಸ್ ನಿಲ್ಲಿಸಬೇಡಿ. ಕೂಸು ಮಂಕಾದರೆ, ಉಚ್ಚೆ ಕಡಿಮೆಯಾದರೆ ಕಾಯಬೇಡಿ, ಕೂಡಲೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.