ಚಿಲ್ಲರೆ ಇಳಿಯುವಾಗ ತಗೊಳ್ಳಿ

ಸರ್ಕಾರಿ ಬಸ್ಸಿನ ಟಿಕೆಟ್ಟಿಗೆ ಎರಡು ಮುಖ. ಮುಂದೆ ನೀವು ಕೊಡಬೇಕಾದ ದುಡ್ಡು, ಹಿಂದೆ ನಿಮಗೆ ಬರಬೇಕಾದ ದುಡ್ಡು. ಮಡಿಕೇರಿಯಲ್ಲಿ ಬಸ್ ಹತ್ತಿ ಐನೂರರ ನೋಟು ಚಾಚಿ ನೋಡಿ. ಕಂಡಕ್ಟರ್ ಒಮ್ಮೆ ನಿಮ್ಮ ಮುಖ ನೋಡುತ್ತಾರೆ. ಕಿವಿಗೆ ಸಿಕ್ಕಿಸಿದ ಪೆನ್ನು ತೆಗೆದು ಟಿಕೆಟ್ ಹಿಂದೆ ಒಂದು ಸಂಖ್ಯೆ ಗೀಚುತ್ತಾರೆ. ಅದಕ್ಕೊಂದು ಸುತ್ತು ಹಾಕಿ, "ಇಳಿಯುವಾಗ ತಗೊಳ್ಳಿ" ಅಂತಾರೆ. ಅಲ್ಲಿಂದ ವಿರಾಜಪೇಟೆವರೆಗೂ ನಿಮಗೆ ಮಂಜೂ ಕಾಣಲ್ಲ, ಕಾಫಿ ತೋಟವೂ ಕಾಣಲ್ಲ. ಕಣ್ಣೆಲ್ಲ ಅವರ ಚರ್ಮದ ಬ್ಯಾಗಿನ ಮೇಲೆ. ಮೂರ್ನಾಡು ದಾಟಿದ ಮೇಲೆ ಸುಮ್ನೆ ಒಮ್ಮೆ ಕೆಮ್ಮಬೇಕು.

ಅದಕ್ಕಾಗಿ ಅವರನ್ನು ಬೈಯಬೇಡಿ. ಅವರ ಟಿಕೆಟ್ ಹಿಂದೆಯೂ ಸರ್ಕಾರ ಒಂದು ಸಂಖ್ಯೆ ಬರೆದು ಸುತ್ತು ಹಾಕಿಟ್ಟಿದೆ. 38 ತಿಂಗಳು.

ಸಾರಿಗೆ ನೌಕರರ ಸಂಬಳ ನಾಲ್ಕು ವರ್ಷಕ್ಕೊಮ್ಮೆ ಪರಿಷ್ಕರಣೆ ಆಗಬೇಕು. 2020ರ ಜನವರಿಯಲ್ಲಿ ಆಗಬೇಕಾದದ್ದು ಆಗಿದ್ದು 2023ರ ಮಾರ್ಚ್‌ನಲ್ಲಿ. ಮೂಲ ವೇತನಕ್ಕೆ ಶೇ 15 ಸೇರಿತು. ನಡುವೆ 2021ರ ಏಪ್ರಿಲ್‌ನಲ್ಲಿ ಎರಡು ವಾರ ಮುಷ್ಕರ ನಡೆಯಿತು. ಹೆಂಡತಿ ಮಕ್ಕಳು ಬೀದಿಗೆ ಬಂದು ತಟ್ಟೆ ಬಡಿದರು. ವಜಾ, ವರ್ಗಾವಣೆ ಎಲ್ಲ ಆಯಿತು. ಶೇ 15 ಬಂತು ನಿಜ, ಆದರೆ ನಡುವಿನ 38 ತಿಂಗಳ ಹಿಂಬಾಕಿ ಬರಲಿಲ್ಲ. ಕಾಯುತ್ತಾ ಕಾಯುತ್ತಾ ಎಷ್ಟೋ ಜನ ನಿವೃತ್ತಿಯ ಸ್ಟಾಪಿನಲ್ಲಿ ಇಳಿದೂ ಆಯಿತು. (ಆಗ ಆಡಳಿತದಲ್ಲಿದ್ದವರು ಈಗ ವಿರೋಧ ಪಕ್ಷದಲ್ಲಿ ಕೂತು "ಅಯ್ಯೋ ಪಾಪ, ನೌಕರರು" ಅಂತಾರೆ. ಸೀಟು ಬದಲಾದರೆ ಕಿಟಕಿಯ ನೋಟವೂ ಬದಲಾಗುತ್ತದೆ.)

ಈಗಿನ ಸರ್ಕಾರ 2025ರ ಆಗಸ್ಟ್‌ನಲ್ಲಿ ಲೆಕ್ಕ ಹೇಳಿತು. ಏಕಸದಸ್ಯ ಸಮಿತಿ ಶಿಫಾರಸು ಮಾಡಿದೆ, 14 ತಿಂಗಳದ್ದು ಕೊಡ್ತೀವಿ ಅಂತ. 38 ಹೇಗೆ 14 ಆಯಿತು ಅಂತ ನಮ್ಮಂಥವರಿಗೆ ಅರ್ಥವಾಗಲ್ಲ. ಏಕಸದಸ್ಯ ಸಮಿತಿಯ ಅನುಕೂಲವೇ ಅದು. ಭಿನ್ನಾಭಿಪ್ರಾಯ ಇರಲ್ಲ.

ನಮ್ಮ ಕಡೆಯ ಸರ್ಕಾರಿ ಬಸ್ಸುಗಳಲ್ಲಿ ಉತ್ತರ ಕರ್ನಾಟಕದವರು ಸುಮಾರು ಜನ ಇದ್ದಾರೆ. ಬಿಸಿಲ ನಾಡಿನಿಂದ ಬಂದು, ಕಕ್ಕಡ ಮಾಸದ ಮಳೆಗೆ ಮಂಕಿ ಟೋಪಿ ಹಾಕಿ, ಒದ್ದೆ ಕೊಡೆಗಳ ನಡುವೆ ನುಸುಳಿಕೊಂಡು ಟಿಕೆಟ್ ಕೊಡುತ್ತಾರೆ. ಅಂಥ ಒಬ್ಬರನ್ನು ಕೆಣಕಿದೆ. "ಕಂಡಕ್ಟ್ರೇ, ಹದಿನಾಲ್ಕಕ್ಕೆ ಒಪ್ಪಿಕೊಳ್ಳಬಾರದಾ?"

"ಹಂಗಾರ ಇವತ್ತ ರಾತ್ರಿ ಡಿಪೋದಾಗ ನಾನೂ ಹಂಗ ರೊಕ್ಕ ಕಟ್ಟಲೇನ್ರೀ ಸರ?" ಅಂದರು.

ಕಟ್ಟಲಿ, ನೋಡೋಣ. ರಾತ್ರಿ ಡ್ಯೂಟಿ ಮುಗಿಸಿ ಕ್ಯಾಶ್ ಕೌಂಟರಿನ ಕಿಟಕಿಗೆ ಬರುತ್ತಾರೆ. ಟಿಕೆಟ್ ಮೆಷಿನ್ 3,800 ರೂಪಾಯಿ ಅನ್ನುತ್ತಿದೆ. ಇವರು 1,400 ಎಣಿಸಿ ಇಡುತ್ತಾರೆ. ಉಳಿದದ್ದು? "ಬ್ಯಾಗಿನ ಆರ್ಥಿಕ ಪರಿಸ್ಥಿತಿ ಸರಿ ಇಲ್ರೀ. ಒಂದು ಸಮಿತಿ ಮಾಡೇನಿ. ಸದಸ್ಯ ನಾನ." ಹತ್ತು ರೂಪಾಯಿ ಕಡಿಮೆ ಬಂದರೂ ಕೈಯಿಂದ ಕಟ್ಟಿಸಿಕೊಳ್ಳುವ ಕಿಟಕಿ ಅದು. ಹಾರ್ಟ್ ಅಟ್ಯಾಕ್ ಮೊದಲು ಯಾರಿಗೆ ಅನ್ನುವುದೊಂದೇ ಪ್ರಶ್ನೆ.

ಡ್ರೈವರೂ ಇದೇ ಲೆಕ್ಕ ಹಿಡಿದರೆ ಇನ್ನೂ ಮಜಾ. ಸಂಪಾಜೆ ಘಾಟಿಯಲ್ಲಿ ಮೂರು ತಿರುವಿಗೆ ಒಂದರಂತೆ ಸ್ಟೇರಿಂಗ್ ತಿರುಗಿಸಿ, ಉಳಿದದ್ದನ್ನು "ಹಂತ ಹಂತವಾಗಿ ಪರಿಶೀಲಿಸಲಾಗುವುದು" ಅನ್ನಬೇಕು. ಸಮಿತಿಯ ವರದಿ ಬರುವ ಮೊದಲೇ ಬಸ್ಸು ಪಯಸ್ವಿನಿ ಹೊಳೆಯಲ್ಲಿ ಇರುತ್ತದೆ.

ಹಾಗಂತ ಸರ್ಕಾರಕ್ಕೆ ಎಣಿಸಲು ಬರಲ್ಲ ಅನ್ನಬೇಡಿ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. 2025ರ ಜುಲೈ 14ಕ್ಕೆ 500 ಕೋಟಿಯನೇ ಟಿಕೆಟ್ ಹೊರಬಂತು. ಒಂದೊಂದನ್ನೂ ಎಣಿಸಿದ್ದಾರೆ! ಆ ಟಿಕೆಟ್ಟನ್ನು ಮುಖ್ಯಮಂತ್ರಿಗಳೇ ಕೊಟ್ಟರು. ಯೋಜನೆ ಉದ್ಘಾಟನೆಯ ದಿನವೂ ಅವರೇ ಕಂಡಕ್ಟರ್. ಶೂನ್ಯ ಟಿಕೆಟ್ ಆದ್ದರಿಂದ ಚಿಲ್ಲರೆ ತಲೆನೋವು ಇರಲಿಲ್ಲ. ಉಳಿದ ಟಿಕೆಟ್ಟುಗಳನ್ನು ಒಂಟಿ ಕಾಲಲ್ಲಿ ನಿಂತು ಕೊಟ್ಟವರ ಹಿಂಬಾಕಿ ಎಣಿಸುವಾಗ ಮಾತ್ರ ಹದಿನಾಲ್ಕಕ್ಕೇ ಬೆರಳು ಮುಗಿಯಿತು. ಹೆಂಗಸರಿಗೆ ಬಸ್ಸು ಫ್ರೀ ಆದದ್ದು ಒಳ್ಳೆಯದೇ. ತೋಟದ ಕೆಲಸಕ್ಕೆ ಹೋಗುವವರನ್ನು ಕೇಳಿ, ಗೊತ್ತಾಗುತ್ತದೆ. ನನ್ನ ತಕರಾರು ಫ್ರೀ ಬಸ್ಸಿನ ಬಗ್ಗೆ ಅಲ್ಲ, ಫ್ರೀ ಕಂಡಕ್ಟರ್ ಬಗ್ಗೆ.

2025ರ ಜನವರಿಯಲ್ಲಿ ಬಸ್ ದರವೂ ಶೇ 15 ಏರಿತು. ಅದಕ್ಕೆ 38 ತಿಂಗಳು ಕಾಯಿಸಲಿಲ್ಲ. ಆದೇಶ ಬಂದ ಕೆಲವೇ ದಿನಕ್ಕೆ ಜೇಬಿಗೆ ಕೈ ಬಂತು.

ಅದೇ ವರ್ಷ ಆಗಸ್ಟ್ 5ಕ್ಕೆ ನೌಕರರು ಮುಷ್ಕರಕ್ಕೆ ಇಳಿದಾಗ ಎಸ್ಮಾ ಕಾಯ್ದೆ ಎದುರಿಗಿತ್ತು. ಅಗತ್ಯ ಸೇವೆ, ನಿಲ್ಲಿಸುವಂತಿಲ್ಲ. ಹೈಕೋರ್ಟ್ ಗದರಿತು, ಮುಷ್ಕರ ಅದೇ ದಿನ ನಿಂತಿತು. ರೈಲಿನ ಒಂದು ಹಳಿಯೂ ಇಲ್ಲದ ಕೊಡಗಿನಲ್ಲಿ ಬಸ್ಸು ಅಗತ್ಯ ಅಂತ ಎಸ್ಮಾ ಬಂದು ಹೇಳಬೇಕಾ? ಆದರೆ ಪ್ರತಿ ಮುಷ್ಕರಕ್ಕೂ ಇನ್ನೊಂದು ಹೇಳಿಕೆ ಜೊತೆಗೇ ಬರುತ್ತದೆ. "ಪರ್ಯಾಯ ವ್ಯವಸ್ಥೆ ಮಾಡಲಾಗಿದೆ, ಜನ ಆತಂಕಪಡಬೇಕಾಗಿಲ್ಲ." ಪರ್ಯಾಯ ವ್ಯವಸ್ಥೆ ನಮಗೇನು ಹೊಸದಲ್ಲ. ಒಳಗಿನ ಊರುಗಳಲ್ಲಿ ವರ್ಷವಿಡೀ ಅದೇ ಇರುವುದು. ಹಿಂದೆ ಬಾಗಿಲಿಲ್ಲದ ಜೀಪು, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ, ತೊಡೆಯ ಮೇಲೆ ಯಾರದೋ ಅಕ್ಕಿ ಚೀಲ. ಆನೆ ಅಡ್ಡ ಬಂದರೆ ಮೊದಲು ಇಳಿದು ಓಡುವ ಸೌಲಭ್ಯವೂ ಇದೆ.

ಇಷ್ಟೆಲ್ಲ ಆದ ಮೇಲೆ ನನಗೆ ಅನಿಸುವುದು, ಸಂಘದವರಿಗೆ ಹೋರಾಡುವ ವಿಧಾನವೇ ಗೊತ್ತಿಲ್ಲ. ಸಂಬಳ ಜಾಸ್ತಿ ಮಾಡಿಸಿಕೊಳ್ಳುವುದು ಹೇಗೆ ಅಂತ 2025ರ ಮಾರ್ಚ್ 21ರಂದು ವಿಧಾನಸಭೆಯಲ್ಲೇ ತೋರಿಸಿಕೊಟ್ಟಿದ್ದಾರೆ. ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ ಏರಿತು. ನೆಟ್ಟಗೆ ಡಬಲ್. ಮುಷ್ಕರ ಇಲ್ಲ, ತಟ್ಟೆ ಬಡಿಯಲಿಲ್ಲ, ಎಸ್ಮಾ ಇಲ್ಲ. ವಿರೋಧ ಪಕ್ಷದವರು ಕಾಗದ ಹರಿದು ಎರಚುತ್ತಿದ್ದರು, ಆ ಗದ್ದಲದಲ್ಲೇ ಚರ್ಚೆಯಿಲ್ಲದೆ ಮಸೂದೆ ಪಾಸಾಯಿತು. ಎರಚಿದವರ ಸಂಬಳವೂ ಏರಿತು, ಎರಚಿಸಿಕೊಂಡವರದ್ದೂ ಏರಿತು. ಟಿಕೆಟ್ ಹರಿಯುವವರಿಗಿಂತ ಕಾಗದ ಹರಿಯುವವರಿಗೆ ಬೇಗ ಬಡ್ತಿ.

ಆದ್ದರಿಂದ ಸಂಘದ ಮುಖಂಡರಲ್ಲಿ ಒಂದು ವಿನಂತಿ. ಬೆಂಗಳೂರಿನ ಧರಣಿಗೆ ದುಡ್ಡು ಹಾಳು ಮಾಡಬೇಡಿ. ಮುಂದಿನ ಸಲ ಶಾಸಕರ ಸಂಬಳದ ಮಸೂದೆ ಬರುವ ದಿನ ಕಾಯಿರಿ. ಅದರ ಕೆಳಗೆ ನಿಮ್ಮ 38 ತಿಂಗಳ ಹಾಳೆಯನ್ನೂ ಸೇರಿಸಿ ಪಿನ್ ಹೊಡೆದುಬಿಡಿ. ಗಲಾಟೆಯಲ್ಲಿ ಯಾರೂ ಓದಲ್ಲ. ಪಿನ್ನಿನ ಖರ್ಚು ನನ್ನದು. ಪೂರ್ತಿ ಕೊಡ್ತೀನಿ, ಈಗಲೇ ಕೊಡ್ತೀನಿ.