ತೋಟದ ಮನೆಯ ಕಾದಂಬರಿ ಬರೆಯುವ ಮುಂಚೆ ಒಂದು ಪಹಣಿ ಓದಿ

ಮಲೆನಾಡಿನ ಸಾಹುಕಾರರ ಬಂಗಲೆ, ಕಾಫಿ ತೋಟ, ಅಪ್ಪ ತೀರಿಕೊಂಡ ಮೇಲೆ ಹೊರಬೀಳುವ ಗುಟ್ಟು, ಮುಖ ನೋಡದ ಅಣ್ಣತಮ್ಮಂದಿರು. ಮೂಡಿಗೆರೆ, ಸಕಲೇಶಪುರದ ಕಡೆಯ ಕಾದಂಬರಿಗೆ ಇದಕ್ಕಿಂತ ಒಳ್ಳೆ ಸರಕು ಸಿಗಲಾರದು. ಆದರೆ ನಮ್ಮವರು ಗುಟ್ಟನ್ನು ಸದಾ ಅಟ್ಟದ ಮೇಲಿನ ಟ್ರಂಕಿನಲ್ಲಿ, ಹಳೇ ಪ್ರೇಮಪತ್ರದ ಕಟ್ಟಿನೊಳಗೆ ಇಡುತ್ತಾರೆ. ತೋಟದ ಮನೆಯಲ್ಲಿ ಪ್ರೇಮಪತ್ರ ಯಾರು ಜೋಪಾನ ಮಾಡುತ್ತಾರೆ ಸ್ವಾಮಿ? ಅಲ್ಲಿ ಉಳಿಯುವುದು ಚೆಕ್‌ರೋಲ್.

ಆಳುಗಳ ಹಾಜರಿ ಪುಸ್ತಕ ಅದು. ಜುಲೈ ತಿಂಗಳ ಜಡಿಮಳೆಯಲ್ಲಿ ಎಲ್ಲರ ಹೆಸರಿನ ಮುಂದೆ ಹನ್ನೆರಡೋ ಹದಿಮೂರೋ ಹಾಜರಿ, ಒಂದು ಹೆಸರಿಗೆ ಮಾತ್ರ 26. ಆಗಸ್ಟಿನಲ್ಲೂ 26. ಹೆಬ್ಬೆಟ್ಟು ಬೀಳಬೇಕಾದ ಕಡೆ ಪ್ರತಿ ಸಲ ತೋಟದ ಲೆಕ್ಕ ಬರೆಯುವ ರೈಟರ್ ಸಹಿ. ಆ ಹೆಸರಿನವರು ಆಳುಗಳ ಲೈನ್ ಮನೆಯಲ್ಲಿ ಯಾವತ್ತೂ ಇರಲೇ ಇಲ್ಲ, ದುಡ್ಡು ಹಾಸನದ ಒಂದು ಬಾಡಿಗೆ ಮನೆಗೆ ಹೋಗುತ್ತಿತ್ತು. ಎರಡನೇ ಸಂಸಾರವನ್ನು ತೋರಿಸಲು ಇಷ್ಟು ಸಾಕು.

ಆ ಸಂಸಾರದ ಮಗ ಬಂದು "ಅರ್ಧ ತೋಟ ನಂದು" ಎಂದು ಗುಡುಗುವ ದೃಶ್ಯ ಮಾತ್ರ ಬೇಡ. ಲೆಕ್ಕ ಹಾಗಿಲ್ಲ. ಪಿತ್ರಾರ್ಜಿತ 60 ಎಕರೆ ಅನ್ನಿ. ಅಪ್ಪ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಅಮ್ಮ ಮೊದಲೇ ಹೋಗಿದ್ದಾರೆ, ವಿಲ್ ಇಲ್ಲ. ತಲಾ 15 ಎಕರೆಯ ನಾಲ್ಕು ಪಾಲು. ಮೊದಲ ಹೆಂಡತಿ ಇರುವಾಗಲೇ ಆದ ಮದುವೆಯ ಮಕ್ಕಳಿಗೆ ಅಪ್ಪನ ಪಾಲಿನಲ್ಲಷ್ಟೇ ಹಕ್ಕು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಅಪ್ಪನ 15 ನಾಲ್ವರಿಗೆ ಹಂಚಿದರೆ ಆ ಹುಡುಗನಿಗೆ 3 ಎಕರೆ 30 ಗುಂಟೆ, ಉಳಿದವರಿಗೆ ತಲಾ 18 ಎಕರೆ 30 ಗುಂಟೆ. ಆದರೆ ಆ ಮೂರು ಮುಕ್ಕಾಲು ಎಕರೆ ಎಲ್ಲಿ ಬೀಳುತ್ತದೆ? ಕಣ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆ, ಕೆರೆ, ಜೀಪು ಹೋಗುವ ದಾರಿ ಎಲ್ಲಾ ಒಂದೇ ಮೂಲೆಯಲ್ಲಿರುತ್ತವೆ. ಜಗಳ ಹುಟ್ಟುವುದೂ ಅಲ್ಲೇ.

ಫೆಬ್ರವರಿ ಕೊನೆಗೆ ಹೂ ಮಳೆ ಕೈಕೊಟ್ಟರೆ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹೊಡೆಯಲೇಬೇಕು. ನೀರು ಬಿದ್ದು ಎಂಟು-ಹತ್ತು ದಿನಕ್ಕೆ ಹೂ ಅರಳುತ್ತದೆ, ಆಮೇಲೆ ಬ್ಯಾಕಿಂಗ್ ನೀರು, ಅಂದರೆ ಎರಡನೇ ಸಲದ ನೀರು, ಸಿಗದಿದ್ದರೆ ಕಾಯಿ ನಿಲ್ಲುವುದಿಲ್ಲ. ಒಂದೇ ಕೆರೆಗೆ ಅಣ್ಣನದೊಂದು ಮೋಟರು, ತಮ್ಮನದೊಂದು. ರಾತ್ರಿ ಕರೆಂಟು ಬಂದ ತಕ್ಷಣ ಇಬ್ಬರೂ ಟಾರ್ಚ್ ಹಿಡಿದು ಹೊರಡುತ್ತಾರೆ, ದಡದಲ್ಲಿ ಎದುರಾದರೂ ಮಾತಿಲ್ಲ. ನ್ಯಾಯಾಲಯದ ಹತ್ತು ಪುಟಕ್ಕಿಂತ ಈ ಒಂದು ರಾತ್ರಿ ಮೇಲು.

ವಕೀಲರು ನಡುಮನೆಯಲ್ಲಿ ಎಲ್ಲರನ್ನೂ ಕೂರಿಸಿ ವಿಲ್ ಓದುವುದು ಸಿನಿಮಾದ ಮಾತು. ಇಲ್ಲಿ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ಅರ್ಜಿ ಬಿದ್ದಾಗ, ತಾಲ್ಲೂಕು ಕಚೇರಿಯಲ್ಲಿ ವಿಲ್ ತಲೆ ಎತ್ತುತ್ತದೆ. ಬಿಳಿ ಹಾಳೆಯಲ್ಲಿದ್ದರೂ ನಡೆಯುತ್ತದೆ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿ ಬೇಕೇ ಬೇಕು. ತಕರಾರು ಎದ್ದರೆ ಬದುಕಿರುವ ಒಬ್ಬ ಸಾಕ್ಷಿಯಾದರೂ ಕೋರ್ಟಿಗೆ ಬಂದು ಹೇಳಬೇಕು. ಆ ಸಾಕ್ಷಿಯನ್ನು ಚೆಕ್‌ರೋಲ್ ಬರೆದ ರೈಟರ್ ಮಾಡಿ ನೋಡಿ.

ಕಾಲ ಆರಿಸುವಾಗ 1994ನ್ನು ಬಿಡಬೇಡಿ. ಅದೇ ಜುಲೈ 30ರಿಂದ ಕರ್ನಾಟಕದಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂತು. ಮೇ ತಿಂಗಳಲ್ಲಿ ಧಾರೆಯಾದ ಅಕ್ಕನಿಗೆ ಇಲ್ಲ, ಮರುವರ್ಷ ಆದ ತಂಗಿಗೆ ಉಂಟು. ಅಕ್ಕ 2005ರ ಕೇಂದ್ರ ತಿದ್ದುಪಡಿವರೆಗೂ ಕಾಯಬೇಕು. ಅಷ್ಟರಲ್ಲಿ, ಅಂದರೆ 2004ರ ಡಿಸೆಂಬರ್ 20ಕ್ಕೂ ಮುಂಚೆ, ಪಾಲುಪಟ್ಟಿ ನೋಂದಣಿಯಾಗಿಬಿಟ್ಟಿದ್ದರೆ ಮುಗೀತು. ಅದೇ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ರೇಟು ಏರಿತು, ಬೆಳೆಗಾರರ ಮನೆಗೆ ಹೊಸ ಕಾರು ಬಂದವು. 2001ರ ಹೊತ್ತಿಗೆ ರೇಟು ನೆಲ ಕಚ್ಚಿತ್ತು. ಸಾಲ ಪಹಣಿಯ 11ನೇ ಕಾಲಂಗೆ ಏರುವುದು ಇಂಥ ವರ್ಷಗಳಲ್ಲೇ. 1970ರ ದಶಕದ ಸಾಹುಕಾರನ ಕೈಗೆ ಮಾತ್ರ ಕಾಫಿ ಮಾರಿದ ಸೂಟ್‌ಕೇಸ್ ಹಣ ಕೊಡಬೇಡಿ. ಆಗ ಕಾಫಿಯೆಲ್ಲ ಕಾಫಿ ಮಂಡಳಿಯ ಒಟ್ಟು ದಾಸ್ತಾನಾದ ಪೂಲ್‌ಗೆ ಹೋಗುತ್ತಿತ್ತು, ದುಡ್ಡು ಕಂತು ಕಂತಾಗಿ ಬರುತ್ತಿತ್ತು.

ಹಾಗೇ ದಯವಿಟ್ಟು ಡಿಸೆಂಬರಿನಲ್ಲಿ ನಾಯಕಿಯ ಮುಡಿಯ ಮೇಲೆ ಕಾಫಿ ಹೂ ಉದುರಿಸಬೇಡಿ. ಆಗ ಅರೇಬಿಕಾ ಹಣ್ಣು ಕುಯ್ಯುತ್ತಿರುತ್ತಾರೆ.