ಕಾಮೆಂಟು ಕನ್ನಡದಲ್ಲೇ ಇರಲಿ ಬಿಡಿ

ಡಿಗ್ರಿ ಮೊದಲ ವರ್ಷದ ಇಂಗ್ಲಿಷ್ ಕ್ಲಾಸಲ್ಲಿ ಒಬ್ಬರ ಪ್ರಬಂಧ ಇನ್ನೊಬ್ಬರ ಕೈಗೆ ಕೊಟ್ಟು "ಅಭಿಪ್ರಾಯ ಬರೀರಿ" ಅಂದ್ರೆ ಏನು ಬರುತ್ತೆ ಅಂತ ಮೇಷ್ಟ್ರುಗಳಿಗೆಲ್ಲ ಗೊತ್ತು. 'ವೆರಿ ನೈಸ್', 'ಸೂಪರ್', 'ಇಂಪ್ರೂವ್ ಗ್ರಾಮರ್'. ಅದನ್ನು ತೋರಿಸಿ ಸ್ಟಾಫ್ ರೂಮಲ್ಲಿ "ಇವರಿಗೆ ಓದೋಕೇ ಬರಲ್ಲ" ಅಂತ ನಗುವವರೂ ಇದ್ದಾರೆ. ಆ ನಗು ನನಗೆ ಒಪ್ಪಿಗೆಯಿಲ್ಲ.

ಇಂಥ ಕಾಮೆಂಟುಗಳನ್ನು ವಿಂಗಡಿಸೋಕೆ ಲಿಯು ಮತ್ತು ಸ್ಯಾಡ್ಲರ್ ಅನ್ನೋ ಸಂಶೋಧಕರು 2003ರಲ್ಲೇ ಒಂದು ಚೌಕಟ್ಟು ಕೊಟ್ಟಿದ್ದರು. ಮಾತು ಒಟ್ಟು ವಿಷಯ, ಜೋಡಣೆಯ ಬಗ್ಗೆಯೋ, ಬರೀ ಪದ, ವ್ಯಾಕರಣದ ಬಗ್ಗೆಯೋ? ಅದು ಮೌಲ್ಯಮಾಪನವೋ, ಪ್ರಶ್ನೆಯೋ, ಸಲಹೆಯೋ, ನೇರ ತಿದ್ದುಪಡಿಯೋ? ಅದನ್ನು ಹಿಡಿದು ಬರಹ ತಿದ್ದೋಕೆ ಆಗುತ್ತೋ ಇಲ್ಲವೋ? ಉಪಯೋಗಕ್ಕೆ ಬರುವ ಚೌಕಟ್ಟು. ನಮ್ಮ ಕ್ಲಾಸಿಗೆ ಮಾತ್ರ ಇನ್ನೊಂದು ಕಾಲಂ ಸೇರಿಸಬೇಕು: ಕಾಮೆಂಟು ಯಾವ ಭಾಷೆಯಲ್ಲಿದೆ?

ಒಬ್ಬ ಹುಡುಗಿ ತನ್ನೂರ ಜಾತ್ರೆ ಬಗ್ಗೆ ಬರೆದಿದ್ದಳು. ಪಕ್ಕದವಳ ಇಂಗ್ಲಿಷ್ ಕಾಮೆಂಟು: 'ಗುಡ್ ಎಸ್ಸೇ, ಚೆಕ್ ಸ್ಪೆಲಿಂಗ್'. ಕನ್ನಡದಲ್ಲಿ ಬರಿ ಅಂದಾಗ ಅದೇ ಪಕ್ಕದವಳು ಬರೆದಿದ್ದು: "ತೇರು ಅರ್ಧ ದಾರೀಲಿ ನಿಂತಿತು ಅಂತೀಯ. ಅಚ್ಚು ಮುರೀತಾ, ಜಗಳ ಆಯ್ತಾ? ಹೇಳದೆ ಸೀದಾ ಮಿಠಾಯಿ ಅಂಗಡಿಗೆ ಹೋಗಿಬಿಟ್ಟೆ." ಓದೋಕೆ ಬರದವಳು ಕೇಳುವ ಪ್ರಶ್ನೆಯಾ ಇದು? ಮುಂದಿನ ಡ್ರಾಫ್ಟಲ್ಲಿ ಅಚ್ಚು ಮುರಿದ ಕಥೆ ಬಂತು, ಹರಕು ಮುರುಕು ಇಂಗ್ಲಿಷಲ್ಲೇ, ಆದರೆ ಬಂತು.

ವ್ಯಾಕರಣದ ಕಾಮೆಂಟು ಲೆಕ್ಕ ಹಾಕೋದು ಸುಲಭ, ನಂಬೋದು ಕಷ್ಟ. 'ವಿ ಡಿಸ್ಕಸ್ಡ್ ದ ಪ್ರಾಬ್ಲಂ' ಅಂತ ಸರಿಯಾಗೇ ಬರೆದಿದ್ದಕ್ಕೆ ಗೆಳೆಯ ಕೆಂಪು ಪೆನ್ನಲ್ಲಿ 'ಅಬೌಟ್' ತುರುಕಿದ್ದ. ಚೌಕಟ್ಟಿನ ಪಟ್ಟಿಯಲ್ಲಿ ಅದೂ 'ತಿದ್ದಲು ನೆರವಾಗುವ ಕಾಮೆಂಟು' ಅಂತಲೇ ದಾಖಲು! ಸರಿಯೋ ತಪ್ಪೋ ನೋಡದೆ ಎಣಿಸಿದರೆ ಇದೇ ಗತಿ.

ಇಂಗ್ಲಿಷ್ ಕ್ಲಾಸಲ್ಲಿ ಕನ್ನಡ ಯಾಕೆ ಅನ್ನೋರಿಗೆ: ಪ್ರಬಂಧ ಇಂಗ್ಲಿಷಲ್ಲೇ ಇದೆ, ತಿದ್ದೋದೂ ಇಂಗ್ಲಿಷಲ್ಲೇ. ನಡುವೆ ಯೋಚಿಸೋ ಜಾಗದಲ್ಲಿ ಮಾತ್ರ, ತಮಗೆ ಬರೋ ಭಾಷೆ ಇರಲಿ. (ಉರ್ದು, ತುಳು ಮಕ್ಕಳಿಗೂ ಇದೇ ಮಾತು, ಜೊತೆಗಾರನಿಗೆ ಅರ್ಥವಾದರೆ ಸಾಕು.) ಲಂಡ್‌ಸ್ಟ್ರಾಮ್ ಮತ್ತು ಬೇಕರ್ 2009ರ ಅಧ್ಯಯನದಲ್ಲಿ ಫೀಡ್‌ಬ್ಯಾಕ್ ಪಡೆದವರಿಗಿಂತ ಕೊಟ್ಟವರ ಬರವಣಿಗೆಯೇ ಹೆಚ್ಚು ಸುಧಾರಿಸಿತ್ತು. ಹಾಗಿದ್ದ ಮೇಲೆ ಕೊಡುವವನ ಬಾಯಿ ಕಟ್ಟಿ ನಮಗೇನು ಸಿಗುತ್ತೆ? ಫೈಲಿಗೆ ಇಂಗ್ಲಿಷ್ ಕಾಮೆಂಟೇ ಬೇಕು ಅನ್ನೋರಿಗೆ 'ವೆರಿ ನೈಸ್' ಬೇಕಾದಷ್ಟಿವೆ, ತಗೊಂಡು ಹೋಗಲಿ.